ಪಕ್ಕಾ ಬಣ್ಣದ ಪ್ರಶ್ನೆ: ಗಡಿನಾಡಿನ ದಾಖಲೆಗೊಂದು ಪ್ರಿಂಟರ್

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಜಾನಪದ ಕ್ಷೇತ್ರಕಾರ್ಯಕ್ಕೆಂದು ಹಳ್ಳಿಗೆ ಹೋದಾಗ ಸಾಮಾನ್ಯವಾಗಿ ಮೂರು ಬಗೆಯ ಸಾಮಗ್ರಿಯನ್ನು ತರುತ್ತಾರೆ: ಹಾಡಿದವರ ದನಿ, ಹಾಡಿದವರ ಭಾವಚಿತ್ರ ಮತ್ತು ಆ ಮನೆಯ ಟ್ರಂಕಿನಲ್ಲಿದ್ದ ಹಳೆಯ ಫೋಟೋಗಳ ನಕಲು. ಈ ಮೂರೂ ಇಂದು ಒಂದೇ ಮೊಬೈಲಿನೊಳಗೆ ಸೇರಿಕೊಳ್ಳುತ್ತವೆ. ಪ್ರಬಂಧವನ್ನು ಒಪ್ಪಿಸಿ ಅಂಕ ಪಡೆದ ಮೇಲೆ ಆ ಸಾಮಗ್ರಿಯ ಗತಿ ಏನು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಮೊಬೈಲು ಬದಲಾಗುತ್ತದೆ, ಮೆಮೊರಿ ಕಾರ್ಡು ಕೆಡುತ್ತದೆ, ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರ ಕುಗ್ಗಿ ಮಸುಕಾಗುತ್ತದೆ. ಹಾಡಿದ ಅಜ್ಜಿಯ ಮನೆಗೆ ಹಿಂದಿರುಗಿ ಹೋಗುವುದು ಮಾತ್ರ ಏನೂ ಇರುವುದಿಲ್ಲ. ಪಡೆದದ್ದರಲ್ಲಿ ಒಂದು ಪಾಲನ್ನು ಪಡೆದ ಮನೆಗೇ ಮುಟ್ಟಿಸದೆ ಸಂಗ್ರಹಕಾರ್ಯ ಪೂರ್ಣವಾಗದು. ಕೈಯಲ್ಲಿ ಹಿಡಿಯಬಹುದಾದ ಒಂದು ಫೋಟೋ, ಮುಖದ ಮೇಲೆ ಹಾಡುಗಾರ್ತಿಯ ಹೆಸರನ್ನು ಮುದ್ರಿಸಿದ ಒಂದು ಡಿಸ್ಕ್ ಆ ಪಾಲಾಗಬಲ್ಲವು. ಆದುದರಿಂದ ಮನೆಗೆ ಅಥವಾ ವಿಭಾಗಕ್ಕೆ ಎಂತಹ ಇಂಕ್‌ಜೆಟ್ ಪ್ರಿಂಟರ್ ಬೇಕೆಂಬುದನ್ನು ಅಂಗಡಿಯವರ ಆಯ್ಕೆಗೆ ಬಿಟ್ಟು ಸುಮ್ಮನಾಗುವಂತಿಲ್ಲ. ಕನ್ನಡ ವಿಭಾಗವೂ ಯೋಚಿಸಬೇಕಾದ ಸಂಗತಿ ಅದು.

ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ತೂಕವಿದೆ. ನಿಜಾಮರ ಹೈದರಾಬಾದು ರಾಜ್ಯದಲ್ಲಿ ಗದ್ವಾಲ ಸಂಸ್ಥಾನವು ರಾಯಚೂರು ಜಿಲ್ಲೆಯ ಎಲ್ಲೆಯೊಳಗಿತ್ತು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ನಾರಾಯಣಪೇಟೆ ಮತ್ತು ಮಕ್ತಲ್ ಮೊದಲಿನಿಂದಲೂ ಮಹಬೂಬನಗರದವೇ ಆಗಿದ್ದವು. ಗಡಿರೇಖೆ ಬದಲಾಯಿತು, ಮನೆಯ ಮಾತು ಒಂದೇ ದಿನದಲ್ಲಿ ಬದಲಾಗಲಿಲ್ಲ. ಕೃಷ್ಣಾ ನದಿಯ ಆಚೀಚೆಗೆ ಹೆಣ್ಣು ಕೊಡುವ, ತರುವ ಸಂಬಂಧ ನಿಲ್ಲಲಿಲ್ಲ. ಆದರೆ ಕಾಗದಪತ್ರಗಳು ತೆಲುಗಿನವಾದವು, ಶಾಲೆಗಳು ಬಹುಮಟ್ಟಿಗೆ ತೆಲುಗಿನವಾದವು, ಈಚೆಗೆ ಇಂಗ್ಲಿಷಿನವಾಗುತ್ತಿವೆ. ಇಂತಹ ಸೀಮೆಯಲ್ಲಿ ಕನ್ನಡ ಬಾಳಿದ್ದಕ್ಕೆ ಸಾಕ್ಷಿ ಸರ್ಕಾರಿ ದಫ್ತರಗಳಲ್ಲಿ ಕಡಿಮೆ, ಮನೆಗಳಲ್ಲಿ ಹೆಚ್ಚು. ಬೀಸುವ ಪದ, ಸೋಬಾನೆ, ಮೊಹರಮ್ಮಿನ ಪದ, ತತ್ತ್ವಪದ, ಮದುವೆಯ ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಾಲು, ಇವೇ ಆ ಸಾಕ್ಷಿಗಳು. ಮನೆಯ ಸಾಕ್ಷಿ ಅಳಿದರೆ ಅದನ್ನು ಮತ್ತೆ ಹುಡುಕಲು ಬೇರೆ ಕಚೇರಿಯಿಲ್ಲ.

ಪ್ರಿಂಟರ್ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಬೆಲೆ ಎಷ್ಟು, ನಿಮಿಷಕ್ಕೆ ಎಷ್ಟು ಪುಟ, ಪುಟವೊಂದಕ್ಕೆ ಎಷ್ಟು ಪೈಸೆ. ನೋಟ್ಸು ಮುದ್ರಿಸುವವರಿಗೆ ಇವು ಸರಿಯಾದ ಪ್ರಶ್ನೆಗಳೇ. ದಾಖಲೆ ಮುದ್ರಿಸುವವರು ಕೇಳಬೇಕಾದವು ಬೇರೆ. ಬಣ್ಣ ಎಷ್ಟು ಕಾಲ ನಿಲ್ಲುತ್ತದೆ? ಯಂತ್ರವನ್ನು ವಾರಕ್ಕೊಮ್ಮೆಯಾದರೂ ದುಡಿಸುವವರು ಯಾರು? ಕನ್ನಡದ ಅಕ್ಷರ ಅದರ ಮೇಲೆ ಸರಿಯಾಗಿ ಮೂಡುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಯಾವ ಕಂಪನಿಯ ಯಾವ ಮಾದರಿ ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ.

ಬಣ್ಣದ ವಿಷಯವನ್ನು ನೇಕಾರರ ಊರಿನವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನಾರಾಯಣಪೇಟೆಯ ಸೀರೆಯನ್ನಾಗಲಿ ಗದ್ವಾಲದ ಸೀರೆಯನ್ನಾಗಲಿ ಕೈಗೆತ್ತಿಕೊಂಡ ಹೆಂಗಸು ಮೊದಲು ಕೇಳುವುದು ಬಣ್ಣ ಪಕ್ಕಾ ಹೌದೋ ಅಲ್ಲವೋ ಎಂದು. ಇಂಕ್‌ಜೆಟ್ ಶಾಯಿಯಲ್ಲಿಯೂ ಅದೇ ಭೇದವಿದೆ. ಒಂದು ಬಗೆಯದು ಡೈ ಶಾಯಿ. ಇದರಲ್ಲಿ ಬಣ್ಣವು ದ್ರವದಲ್ಲಿ ಪೂರ್ತಿ ಕರಗಿರುತ್ತದೆ, ಕಾಗದದ ಮೇಲ್ಪದರದೊಳಕ್ಕೆ ಇಳಿಯುತ್ತದೆ, ಚಿತ್ರ ಹೊಳಪಾಗಿ ಕಾಣುತ್ತದೆ. ಇನ್ನೊಂದು ಪಿಗ್ಮೆಂಟ್ ಶಾಯಿ. ಇದರಲ್ಲಿ ಬಣ್ಣವು ಕರಗದ ಅತಿ ಸೂಕ್ಷ್ಮ ಕಣಗಳ ರೂಪದಲ್ಲಿ ದ್ರವದಲ್ಲಿ ತೇಲುತ್ತಿದ್ದು, ಮುದ್ರಣವಾದಾಗ ಕಾಗದದ ಮೇಲ್ಮೈಯಲ್ಲಿ ನೆಲೆಗೊಳ್ಳುತ್ತದೆ. ಬೆಳಕಿಗೂ ನೀರಿಗೂ ಗಾಳಿಯಲ್ಲಿನ ಓಜೋನಿಗೂ ಕರಗಿದ ಬಣ್ಣ ಬೇಗ ಸೋಲುತ್ತದೆ. ಕಣದ ಬಣ್ಣ ಹೆಚ್ಚು ಕಾಲ ತಡೆಯುತ್ತದೆ. ಹೆನ್ರಿ ವಿಲ್ಹೆಲ್ಮ್ ಎಂಬ ಅಮೆರಿಕದ ಸಂಶೋಧಕರು ಛಾಯಾಚಿತ್ರಗಳ ಬಾಳಿಕೆಯನ್ನು ದಶಕಗಳ ಕಾಲ ಪರೀಕ್ಷಿಸಿದವರು. ಶಾಯಿಯ ಆಯುಷ್ಯವನ್ನು ಶಾಯಿಯೊಂದರಿಂದಲೇ ಅಳೆಯಲಾಗದು, ಶಾಯಿ, ಕಾಗದ ಮತ್ತು ಇಟ್ಟ ಜಾಗ ಮೂರೂ ಸೇರಿ ಅದನ್ನು ನಿರ್ಣಯಿಸುತ್ತವೆ ಎಂಬುದು ಅಂತಹ ಪರೀಕ್ಷೆಗಳಿಂದ ಮನವರಿಕೆಯಾಗುವ ತತ್ತ್ವ.

ಹಾಗಾದರೆ ಪಿಗ್ಮೆಂಟ್ ಪ್ರಿಂಟರನ್ನೇ ಕೊಳ್ಳಬೇಕೆಂದು ತೀರ್ಮಾನಿಸುವುದು ಸುಲಭ. ಆದರೆ ಫೋಟೋಗಳಿಗೆಂದೇ ಮಾಡಿದ ಪಿಗ್ಮೆಂಟ್ ಯಂತ್ರಗಳ ಬೆಲೆಯೂ ಶಾಯಿಯ ಖರ್ಚೂ ವಿದ್ಯಾರ್ಥಿಗಳ ಮನೆಗಳಿಗೆ ನಿಲುಕುವಂತಹವಲ್ಲ. ಮನೆಬಳಕೆಗೆ ಸಿಗುವ, ಬಾಟಲಿಯಿಂದ ಶಾಯಿ ತುಂಬುವ ಟ್ಯಾಂಕ್ ಪ್ರಿಂಟರುಗಳಲ್ಲಿ ಫೋಟೋಗೆ ತಕ್ಕವು ಬಹುತೇಕ ಡೈ ಶಾಯಿಯವು. ಕೆಲವು ನಾಲ್ಕು ಬಣ್ಣದ ಯಂತ್ರಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್ ಆಗಿದ್ದು ಉಳಿದ ಬಣ್ಣಗಳು ಡೈ ಆಗಿರುತ್ತವೆ. ಅವು ಅಕ್ಷರಕ್ಕೆ ಒಳ್ಳೆಯವು, ಮುಖಚಿತ್ರಕ್ಕೆ ಸಾಧಾರಣ. ಆದುದರಿಂದ ಇಲ್ಲಿ ಮಧ್ಯಮಾರ್ಗವೇ ವಿವೇಕದ್ದು. ಡೈ ಶಾಯಿಯ ಯಂತ್ರವನ್ನು ಕೊಂಡರೂ ಕಂಪನಿಯ ಮೂಲ ಶಾಯಿಯನ್ನೇ ಬಳಸುವುದು, ಚಿತ್ರವನ್ನು ಗಾಜಿನ ಹಿಂದೆ ಅಥವಾ ಆಲ್ಬಮ್ಮಿನೊಳಗೆ ಇಡುವುದು, ಬಿಸಿಲು ಬೀಳುವ ಗೋಡೆಯನ್ನು ತಪ್ಪಿಸುವುದು, ಇಷ್ಟರಿಂದಲೇ ಬಾಳಿಕೆ ಬಹಳ ಹೆಚ್ಚುತ್ತದೆ. ಅಗ್ಗದ ಬದಲಿ ಶಾಯಿಯನ್ನು ತುಂಬಿದವರು ಮಾತ್ರ ಯಾವ ಬಾಳಿಕೆಯ ಭರವಸೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಕಂಪನಿ ಹೇಳುವ ವರ್ಷಗಳ ಲೆಕ್ಕ ಅದರದೇ ಶಾಯಿಗೆ, ಅದರದೇ ಕಾಗದಕ್ಕೆ ಅನ್ವಯಿಸುವಂತಹುದು.

ಕಾಗದದ ವಿಷಯದಲ್ಲಿ ಆಗುವ ತಪ್ಪು ಶಾಯಿಯ ತಪ್ಪಿಗಿಂತ ದೊಡ್ಡದು. ಅಂಗಡಿಯಲ್ಲಿ ಗ್ಲಾಸಿ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವ ಕಾಗದಗಳೆಲ್ಲ ಒಂದೇ ಅಲ್ಲ. ಕೆಲವಕ್ಕೆ ಅತಿ ಸಣ್ಣ ರಂಧ್ರಗಳುಳ್ಳ ಲೇಪವಿರುತ್ತದೆ. ಶಾಯಿ ತಕ್ಷಣ ಒಣಗಿದಂತೆ ಕಾಣುತ್ತದೆ, ಆದರೆ ಅದೇ ರಂಧ್ರಗಳ ಮೂಲಕ ಗಾಳಿಯೂ ಒಳಸೇರಿ ಡೈ ಶಾಯಿಯ ಬಣ್ಣವನ್ನು ತಿನ್ನುತ್ತದೆ. ತೆರೆದ ಗೋಡೆಯ ಮೇಲೆ ಅಂಟಿಸಿದ ಚಿತ್ರ ಕೆಲವೇ ತಿಂಗಳುಗಳಲ್ಲಿ ಕೆಂಪಡರಿಯೋ ಹಳದಿಯಾಗಿಯೋ ಕಾಣುವುದಕ್ಕೆ ಇದೊಂದು ಕಾರಣ. ದಾಖಲೆಗೆ ಬೇಕಾದುದು ಹೆಸರಾಂತ ಕಂಪನಿಯ, ದಪ್ಪ ತೂಕದ ಫೋಟೋ ಕಾಗದ. ಮ್ಯಾಟ್ ಮೇಲ್ಮೈಯಾದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುವುದೂ ಸಾಧ್ಯ. ಯಂತ್ರದಲ್ಲಿ ಉಳಿಸಿದ ಹಣವನ್ನು ಕಾಗದದಲ್ಲಿ ಕಳೆಯಬಹುದು, ಕಾಗದದಲ್ಲಿ ಉಳಿಸಿದ ಹಣ ಮಾತ್ರ ಚಿತ್ರವನ್ನೇ ಕಳೆಯುತ್ತದೆ.

ಬಣ್ಣಗಳ ಸಂಖ್ಯೆಯ ಬಗ್ಗೆಯೂ ಒಂದು ಮಾತು ಅವಶ್ಯ. ನಾಲ್ಕು ಬಣ್ಣದ ಯಂತ್ರಗಳಲ್ಲಿ ಮುಖದ ತಿಳಿಬಣ್ಣವು ಚುಕ್ಕಿ ಚುಕ್ಕಿಯಾಗಿ ಕಾಣುವ ಸಂಭವವಿದೆ, ಏಕೆಂದರೆ ತಿಳಿ ಛಾಯೆಯನ್ನು ಗಾಢ ಶಾಯಿಯ ವಿರಳ ಚುಕ್ಕಿಗಳಿಂದಲೇ ತೋರಿಸಬೇಕಾಗುತ್ತದೆ. ಆರು ಬಣ್ಣದ ಯಂತ್ರಗಳು ಈ ಕೊರತೆಯನ್ನು ನೀಗುತ್ತವೆ. ಎಪ್ಸನ್ ಕಂಪನಿಯ ಎಲ್805 ಮತ್ತು ಎಲ್8050 ಮಾದರಿಗಳಲ್ಲಿ ತಿಳಿ ನೀಲಿ ಹಾಗೂ ತಿಳಿ ಕೆನ್ನೇರಳೆ ಶಾಯಿಗಳು ಹೆಚ್ಚುವರಿಯಾಗಿವೆ. ಕ್ಯಾನನ್ ಕಂಪನಿಯ ಜಿ570 ಮತ್ತು ಜಿ670 ಮಾದರಿಗಳಲ್ಲಿ ಕೆಂಪು ಹಾಗೂ ಬೂದು ಶಾಯಿಗಳು ಸೇರಿವೆ. ಬೂದು ಶಾಯಿಯಿರುವ ಯಂತ್ರ ಹಳೆಯ ಕಪ್ಪುಬಿಳುಪು ಫೋಟೋದ ನಕಲನ್ನು ಹಸಿರು ಅಥವಾ ನೇರಳೆಯ ಸೋಂಕಿಲ್ಲದೆ ಮುದ್ರಿಸಲು ನೆರವಾಗುತ್ತದೆ. ಅಜ್ಜಿಯ ಕಪ್ಪುಬಿಳುಪು ಚಿತ್ರಗಳೇ ಹೆಚ್ಚಾಗಿರುವ ಮನೆಯ ಅಗತ್ಯವೂ, ಸೀರೆಯ ಅಂಚಿನ ಬಣ್ಣಗಳನ್ನು ಗಿರಾಕಿಗೆ ತೋರಿಸಬೇಕಾದ ನೇಕಾರರ ಅಗತ್ಯವೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟ.

ಎರಡನೆಯ ಪ್ರಶ್ನೆ ಯಂತ್ರವನ್ನು ದುಡಿಸುವವರದು. ಇಂಕ್‌ಜೆಟ್ ಯಂತ್ರದ ಶಾಯಿ ಕೂದಲೆಳೆಗಿಂತ ಸಣ್ಣ ರಂಧ್ರಗಳ ಮೂಲಕ ಹೊರಬೀಳುತ್ತದೆ. ವಾರಗಟ್ಟಲೆ ಮುದ್ರಿಸದೆ ಬಿಟ್ಟರೆ ಆ ರಂಧ್ರಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಕೃಷ್ಣಾ ನದಿಯ ಆಚೀಚೆಯ ಈ ಬಯಲುಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ದಾಟುವುದು ವಾಡಿಕೆ, ಗಾಳಿಯೂ ಒಣ. ಪರೀಕ್ಷೆ ಮುಗಿದು ರಜೆ ಬಿದ್ದು ಜೂನಿನಲ್ಲಿ ಮರಳಿ ಬಂದಾಗ ಯಂತ್ರ ಗೆರೆ ಗೆರೆಯಾಗಿ ಮುದ್ರಿಸಿದರೆ ಅದು ಯಂತ್ರದ ದೋಷವೇ ಆಗಿರಬೇಕೆಂದಿಲ್ಲ. ಒಳಗಿನ ಶುದ್ಧೀಕರಣ ವಿಧಾನವನ್ನು ಮತ್ತೆ ಮತ್ತೆ ನಡೆಸಿದರೆ ಬಾಟಲಿಯ ಶಾಯಿ ವ್ಯರ್ಥವಾಗಿ ತ್ಯಾಜ್ಯದ ಪ್ಯಾಡಿಗೆ ಸೇರುತ್ತದೆ. ಆ ಪ್ಯಾಡು ತುಂಬಿದರೆ ಯಂತ್ರವೇ ನಿಲ್ಲುತ್ತದೆ. ತಿಂಗಳಿಗೆ ನಾಲ್ಕಾರು ಚಿತ್ರಗಳನ್ನಷ್ಟೇ ಮುದ್ರಿಸುವ ಮನೆಗೆ ಆರು ಬಣ್ಣದ ಯಂತ್ರ ಭಾರವಾಗುವುದು ಇದೇ ಕಾರಣದಿಂದ. ನಾಲ್ಕಾರು ಮನೆಗಳು ಅಥವಾ ಒಂದು ವಿಭಾಗ ಕೂಡಿ ಒಂದು ಯಂತ್ರವನ್ನು ಇಟ್ಟುಕೊಂಡರೆ ಅದು ದಿನವೂ ದುಡಿಯುತ್ತದೆ, ಶಾಯಿ ಒಣಗುವುದಿಲ್ಲ, ಖರ್ಚೂ ಹಂಚಿಹೋಗುತ್ತದೆ.

ಇಲ್ಲಿಯೇ ಒಂದು ಆಕ್ಷೇಪವನ್ನು ನ್ಯಾಯವಾಗಿ ಪರಿಶೀಲಿಸಬೇಕು. ಗದ್ವಾಲದಲ್ಲಿಯೂ ರಾಯಚೂರಿನಲ್ಲಿಯೂ ಫೋಟೋ ಸ್ಟುಡಿಯೋಗಳಿರುವಾಗ ಮನೆಯಲ್ಲಿ ಯಂತ್ರವೇಕೆ ಎಂದು ಕೇಳುವವರಿದ್ದಾರೆ. ಲ್ಯಾಬಿನಲ್ಲಿ ಬೆಳಕಿನಿಂದ ಮೂಡಿಸಿ ರಸಾಯನದಲ್ಲಿ ತೊಳೆದ ಬಣ್ಣದ ಫೋಟೋ ಬಾಳಿಕೆಯಲ್ಲಿ ಮನೆಯ ಡೈ ಮುದ್ರಣಕ್ಕೆ ಕಡಿಮೆಯಲ್ಲ, ಸಂಖ್ಯೆ ಹೆಚ್ಚಾದಂತೆ ಅದೇ ಅಗ್ಗ. ಮದುವೆಯ ಇನ್ನೂರು ಚಿತ್ರಗಳಿಗೆ ಸ್ಟುಡಿಯೋವೇ ಸರಿ ಎಂಬುದನ್ನು ಅಲ್ಲಗಳೆಯಲಾಗದು. ಮನೆಯ ಯಂತ್ರದ ಉಪಯೋಗ ಬೇರೆ ಕಡೆ ಇದೆ. ಐದೇ ಚಿತ್ರಗಳಿದ್ದಾಗ, ಚಿತ್ರದ ಕೆಳಗೆ ನಾಲ್ಕು ಸಾಲು ಕನ್ನಡ ಬರಬೇಕಾದಾಗ, ತಪ್ಪಿದ ಹೆಸರನ್ನು ತಿದ್ದಿ ಮತ್ತೆ ಮುದ್ರಿಸಬೇಕಾದಾಗ, ಡಿಸ್ಕಿನ ಮುಖದ ಮೇಲೆ ಮುದ್ರಿಸಬೇಕಾದಾಗ ಸ್ಟುಡಿಯೋದ ದಾರಿ ಉದ್ದವಾಗುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಎಲ್8050 ಮಾದರಿಯು ಪ್ಲಾಸ್ಟಿಕ್ಕಿನ ಗುರುತಿನ ಕಾರ್ಡುಗಳ ಮೇಲೂ ಮುದ್ರಿಸಬಲ್ಲದು. ಆದ್ದರಿಂದ ಕಾರ್ಡು ಮುದ್ರಿಸಿಕೊಡುವ ಝೆರಾಕ್ಸ್ ಅಂಗಡಿಯಲ್ಲಿ ಅಂತಹ ಯಂತ್ರ ಈಗಾಗಲೇ ಇದ್ದಿರಬಹುದು. ಕೊಳ್ಳುವ ಮೊದಲು ಅಂಗಡಿಯವರನ್ನು ವಿಚಾರಿಸಿ, ತಮ್ಮದೇ ಕಾಗದವನ್ನೂ ಡಿಸ್ಕನ್ನೂ ಕೊಟ್ಟು ಒಂದು ಮಾದರಿ ತೆಗೆಸಿ ನೋಡುವುದು ಜಾಣತನ.

ಇನ್ನು ಡಿಸ್ಕಿನ ಮಾತು. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಮಾರುಕಟ್ಟೆಗೆ ತಂದ ಸಿಡಿಗೆ ಈಗ ಮುಪ್ಪು ಬಂದಿದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹೀಗಿರುವಾಗ ಡಿಸ್ಕಿನ ಮೇಲೆ ಮುದ್ರಿಸುವ ಸೌಲಭ್ಯಕ್ಕೆಂದೇ ಹೆಚ್ಚು ಹಣ ತೆರುವುದು ವಿವೇಕವಲ್ಲ. ಆದರೆ ಫೋಟೋಗೆಂದು ಕೊಂಡ ಯಂತ್ರದಲ್ಲಿಯೇ ಡಿಸ್ಕ್ ತಟ್ಟೆಯೂ ಇದ್ದರೆ ಅದನ್ನು ಬಳಸದೆ ಬಿಡುವುದೂ ವಿವೇಕವಲ್ಲ. ಒಮ್ಮೆ ಬರೆದ ಡಿಸ್ಕನ್ನು ಯಾರೂ ಅಕಸ್ಮಾತ್ತಾಗಿ ಅಳಿಸಲಾರರು, ಪೆನ್‌ಡ್ರೈವಿನಂತೆ ವೈರಸ್ಸು ಅದಕ್ಕೆ ಹತ್ತದು. ಸಾಮಾನ್ಯ ಸಿಡಿಯಲ್ಲಿ 80 ನಿಮಿಷಗಳ ಹಾಡು ಹಿಡಿಯುತ್ತದೆ. 4.7 ಗಿಗಾಬೈಟಿನ ಡಿವಿಡಿಯಲ್ಲಿ ಸಿಡಿಯ ಗುಣಮಟ್ಟದ, ಕುಗ್ಗಿಸದ ಧ್ವನಿ ಏಳು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಒಂದು ಹಳ್ಳಿಯ ಹಾಡುಗಾರ್ತಿಯರ ಪದಗಳೆಲ್ಲ ಒಂದರಲ್ಲಿಯೇ ಅಡಗಬಹುದು. ಹಳೆಯ ಡಿವಿಡಿ ಪ್ಲೇಯರ್ ಇನ್ನೂ ಟಿವಿಯ ಕೆಳಗೆ ಉಳಿದಿರುವ ಮನೆಗೆ ಅದೊಂದು ಕೈಗೆ ಕೊಡಬಹುದಾದ ಕಾಣಿಕೆಯೂ ಹೌದು.

ಡಿಸ್ಕಿನ ಮುಖಕ್ಕೆ ಹೆಸರು ಹಚ್ಚುವ ವಿಧಾನದಲ್ಲಿ ಎಚ್ಚರ ಅಗತ್ಯ. ಸಿಡಿಯ ಹೊಳೆಯುವ ಪದರವಿರುವುದು ಹೆಸರು ಬರೆಯುವ ಬದಿಗೇ ಹತ್ತಿರ, ತೆಳುವಾದ ಲೇಪದ ಕೆಳಗೆ. ಕೆಳಬದಿಯ ಗೀರಿಗಿಂತ ಮೇಲುಬದಿಯ ಗೀರು ಹೆಚ್ಚು ಅಪಾಯಕರವಾಗುವುದು ಇದರಿಂದಲೇ. ಬಾಲ್‌ಪೆನ್ನಿನ ಮೊನೆ ಅದನ್ನು ಕೆಡಿಸಬಲ್ಲದು. ಅಂಟಿಸುವ ಕಾಗದದ ಲೇಬಲ್ಲು ಕಾಲಕ್ರಮೇಣ ಸುರುಳಿಯೆದ್ದು ಲೇಪವನ್ನು ಕೀಳಬಹುದು, ತಿರುಗುವಾಗ ಸಮತೋಲ ತಪ್ಪಿಸಬಹುದು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 2003ರಲ್ಲಿ ಪ್ರಕಟಿಸಿದ ಡಿಸ್ಕ್ ಸಂರಕ್ಷಣೆಯ ಕೈಪಿಡಿಯೂ ದೀರ್ಘಕಾಲ ಇಡುವ ಡಿಸ್ಕುಗಳಿಗೆ ಅಂಟಿನ ಲೇಬಲ್ಲು ಬೇಡವೆನ್ನುತ್ತದೆ. ಇದಕ್ಕೆ ಉತ್ತರವೇ ಮುದ್ರಣಯೋಗ್ಯ ಡಿಸ್ಕು. ಅದರ ಮೇಲುಬದಿಗೆ ಶಾಯಿ ಹೀರುವ ಬಿಳಿಯ ಲೇಪವಿರುತ್ತದೆ. ತಟ್ಟೆಯಲ್ಲಿಟ್ಟು ಯಂತ್ರಕ್ಕೆ ಕೊಟ್ಟರೆ ನೇರವಾಗಿ ಮುದ್ರಣವಾಗುತ್ತದೆ. ಮೊದಲು ಹಾಡುಗಳನ್ನು ಬರೆದು, ಕೇಳಿ ನೋಡಿ, ಆಮೇಲೆ ಮುದ್ರಿಸಬೇಕು. ಮುದ್ರಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ನೆರಳಿನಲ್ಲಿ ಒಣಗಲು ಬಿಡಬೇಕು. ಒದ್ದೆಯ ಬೆರಳು ತಾಕಿದರೆ ಬಣ್ಣ ಹರಡುತ್ತದೆ ಎಂಬುದನ್ನು ಡಿಸ್ಕನ್ನು ಪಡೆಯುವವರಿಗೂ ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಡಿಸ್ಕನ್ನು ಏಕೈಕ ಪ್ರತಿಯೆಂದು ಭಾವಿಸಬಾರದು. ಮೂಲ ಧ್ವನಿಯೂ ಚಿತ್ರವೂ ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಊರುಗಳಲ್ಲಿ ಇರಬೇಕು.

ಮೂರನೆಯ ಪ್ರಶ್ನೆ ಕನ್ನಡದ್ದು. ಐಚ್ಛಿಕ ಕನ್ನಡದವರಿಗೆ ಇದೇ ಮೊದಲನೆಯದು. ತಟ್ಟೆಯಿಂದ ಹೊರಬಂದ ಡಿಸ್ಕಿನ ಮೇಲೆ ‘ಫೋಕ್ ಸಾಂಗ್ಸ್, ಮಕ್ತಲ್’ ಎಂದು ಇಂಗ್ಲಿಷಿನಲ್ಲಷ್ಟೇ ಮುದ್ರಿಸಿದರೆ ಶ್ರಮವೆಲ್ಲ ಅರ್ಧಕ್ಕೆ ನಿಂತಂತೆ. ಯಾರು ಹಾಡಿದರು, ಯಾವ ಹಳ್ಳಿ, ಯಾವ ಸಂದರ್ಭದ ಪದ, ಯಾವ ದಿನ ಧ್ವನಿಮುದ್ರಿಸಿದ್ದು, ಯಾರು ಸಂಗ್ರಹಿಸಿದರು, ಈ ಐದು ವಿವರಗಳಿಲ್ಲದ ಹಾಡು ನಾಳಿನ ಸಂಶೋಧಕರಿಗೆ ಅನಾಥ. ಹಾಡಿದ ಹೆಣ್ಣುಮಗಳ ಹೆಸರನ್ನು ಬಿಟ್ಟು ಸಂಗ್ರಾಹಕರ ಹೆಸರನ್ನಷ್ಟೇ ಮುದ್ರಿಸುವುದಂತೂ ಸಲ್ಲದು. ಆಕೆಯ ಒಪ್ಪಿಗೆಯನ್ನು ಕೇಳಿ ಆಕೆಯ ಹೆಸರನ್ನೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಮೂಡಿಸುವುದು ಕನಿಷ್ಠ ಗೌರವ. ಕನ್ನಡದ ಕೆಳಗೆ ತೆಲುಗಿನಲ್ಲಿಯೂ ಬರೆಯುವುದರಿಂದ ಕನ್ನಡಕ್ಕೆ ಕುಂದಿಲ್ಲ. ಎರಡು ಲಿಪಿಗಳೂ ಒಂದೇ ಬೇರಿನವು. ತೆಲುಗು ಶಾಲೆಯಲ್ಲಿ ಓದಿದ ಮೊಮ್ಮಗ ಎರಡನ್ನೂ ಒಟ್ಟಿಗೆ ನೋಡಿ ಅಜ್ಜಿಯ ಹೆಸರನ್ನು ಕನ್ನಡದಲ್ಲಿ ಕೂಡಿಸಿ ಓದಲು ಕಲಿತರೆ ಆ ಡಿಸ್ಕು ತನ್ನ ಪಾಲಿನ ಪಾಠವನ್ನೂ ಮಾಡಿದಂತೆ.

ಅಕ್ಷರದ ತಾಂತ್ರಿಕ ತೊಡಕನ್ನೂ ಮರೆಯುವಂತಿಲ್ಲ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ತೆಲುಗು ಡಿಟಿಪಿಗೆ ಸಜ್ಜಾದ ನಾರಾಯಣಪೇಟೆಯ ಅಂಗಡಿಯಲ್ಲಿ ಕನ್ನಡದ ಆ ಅಕ್ಷರಗಳು ಸಿಗುತ್ತವೆಂದು ನಂಬಿ ಹೋಗಬಾರದು. ಯೂನಿಕೋಡಿನಲ್ಲಿ ಬರೆದು, ಅಕ್ಷರವಿನ್ಯಾಸವನ್ನು ಒಳಗೊಂಡಂತೆ ಪಿಡಿಎಫ್ ಮಾಡಿಕೊಂಡು ಹೋದರೆ ಯಾವ ಊರಿನ ಯಾವ ಯಂತ್ರದಲ್ಲಿಯೂ ಕನ್ನಡ ಕನ್ನಡವಾಗಿಯೇ ಬರುತ್ತದೆ. 12 ಸೆಂಟಿಮೀಟರ್ ವ್ಯಾಸದ ಡಿಸ್ಕಿನಲ್ಲಿ ನಡುವಿನ ರಂಧ್ರವನ್ನೂ ಅಂಚನ್ನೂ ಬಿಟ್ಟರೆ ಮುದ್ರಣಕ್ಕೆ ಸಿಗುವುದು ಸುಮಾರು 47 ಮಿಲಿಮೀಟರ್ ಅಗಲದ ಉಂಗುರ. ಅದರಲ್ಲಿ ಎಲ್ಲವನ್ನೂ ತುರುಕಲು ಹೋಗಿ ಅಕ್ಷರವನ್ನು ಕುಗ್ಗಿಸಿದರೆ ಮೊದಲು ಕೆಡುವುದು ಒತ್ತಕ್ಷರ. ಹೀರುವ ಲೇಪದಲ್ಲಿ ಶಾಯಿ ತುಸು ಹರಡಿ ‘ಕ್ಷ್ಮ’ದಂತಹ ಅಕ್ಷರದ ಒಳಗಂಡಿಗಳು ಮುಚ್ಚಿಹೋಗುತ್ತವೆ. ಹೆಸರು, ಊರು, ದಿನಾಂಕವಷ್ಟೇ ಡಿಸ್ಕಿನ ಮೇಲಿರಲಿ, ಉಳಿದ ವಿವರ ಡಬ್ಬಿಯೊಳಗಿನ ಹಾಳೆಯಲ್ಲಿರಲಿ. ಫೋಟೋಗೂ ಅಳತೆಯುಂಟು. ನಾಲ್ಕು ಇಂಚಿಗೆ ಆರು ಇಂಚಿನ ಚಿತ್ರಕ್ಕೆ ಇಂಚಿಗೆ 300 ಚುಕ್ಕಿಗಳಂತೆ 1200ಕ್ಕೆ 1800 ಪಿಕ್ಸೆಲ್ ಬೇಕು. ಹಳೆಯ ಸಣ್ಣ ಫೋಟೋವನ್ನು ಮೊಬೈಲಿನಲ್ಲಿ ಓರೆಯಾಗಿ ಸೆರೆಹಿಡಿಯುವುದಕ್ಕಿಂತ ಸ್ಕ್ಯಾನರಿನಲ್ಲಿ 600 ಚುಕ್ಕಿಗಳಲ್ಲಿ ತೆಗೆದು, ತಿದ್ದದ ಮೂಲವನ್ನು ಹಾಗೆಯೇ ಉಳಿಸಿಕೊಂಡು, ಪ್ರತಿಯನ್ನು ಮಾತ್ರ ತಿದ್ದುವುದು ಸರಿಯಾದ ಕ್ರಮ.

ಚಿತ್ರದ ಕೆಳಗಿನ ಸಾಲಿನಲ್ಲಿ ಜಿಲ್ಲೆಯ ಹೆಸರನ್ನು ಬರೆಯುವಾಗ ಗಡಿನಾಡಿನ ಚರಿತ್ರೆಯೇ ಎದುರಾಗುತ್ತದೆ. 1955ರ ಗದ್ವಾಲದ ಫೋಟೋಗೆ ರಾಯಚೂರು ಜಿಲ್ಲೆ, ಹೈದರಾಬಾದು ರಾಜ್ಯ ಎಂದು ಬರೆಯಬೇಕು. 1960ರದ್ದಕ್ಕೆ ಮಹಬೂಬನಗರ ಜಿಲ್ಲೆ, ಆಂಧ್ರಪ್ರದೇಶ. 2014ರ ಜೂನ್ 2ರ ನಂತರದ್ದಕ್ಕೆ ತೆಲಂಗಾಣ. 2016ರ ಅಕ್ಟೋಬರ್ 11ರಂದು ಗದ್ವಾಲವು ಜೋಗುಳಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯ ಕೇಂದ್ರವಾಯಿತು. ಮಕ್ತಲ್ ಮತ್ತು ನಾರಾಯಣಪೇಟೆಗಳು 2019ರ ಫೆಬ್ರವರಿ 17ರಂದು ನಾರಾಯಣಪೇಟೆ ಜಿಲ್ಲೆಗೆ ಸೇರುವ ತನಕ ಮಹಬೂಬನಗರದಲ್ಲಿಯೇ ಇದ್ದವು. ಫೋಟೋ ತೆಗೆದ ಕಾಲದ ಜಿಲ್ಲೆಯನ್ನೂ ಇಂದಿನ ಜಿಲ್ಲೆಯನ್ನೂ ಎರಡು ಸಾಲಿನಲ್ಲಿ ಮುದ್ರಿಸಿದ ಚಿತ್ರವೊಂದು, ಒಂದೇ ಮನೆಯು ಅಲುಗದೆ ನಿಂತು ಎಷ್ಟು ಆಡಳಿತಗಳನ್ನು ಕಂಡಿತೆಂಬುದನ್ನು ಯಾವ ವ್ಯಾಖ್ಯಾನವೂ ಇಲ್ಲದೆ ಹೇಳುತ್ತದೆ.

ಇಷ್ಟು ವಿಚಾರಗಳನ್ನು ತೂಗಿ ನೋಡಿದಾಗ ತೀರ್ಮಾನ ಹೀಗೆ ನಿಲ್ಲುತ್ತದೆ. ನೋಟ್ಸು, ಅರ್ಜಿಗಳೇ ಹೆಚ್ಚಾಗಿರುವ ಮನೆಗೆ ನಾಲ್ಕು ಬಣ್ಣದ ಟ್ಯಾಂಕ್ ಯಂತ್ರ ಸಾಕು. ಅಪರೂಪದ ಫೋಟೋಗೆ ಸ್ಟುಡಿಯೋ ಇದೆ. ಹಳೆಯ ಕಪ್ಪುಬಿಳುಪು ಚಿತ್ರಗಳನ್ನು ಮರುಮುದ್ರಿಸುವುದೇ ಮುಖ್ಯ ಉದ್ದೇಶವಾದರೆ ಬೂದು ಶಾಯಿಯಿರುವ ಯಂತ್ರ ಲೇಸು. ಫೋಟೋ ಮತ್ತು ಡಿಸ್ಕು ಎರಡೂ ಬೇಕಾದವರು ಆರು ಬಣ್ಣಗಳಿದ್ದು ಡಿಸ್ಕ್ ತಟ್ಟೆಯೂ ಜೊತೆಗೆ ಬರುವ ಮಾದರಿಯನ್ನು ಆರಿಸಬೇಕು. ತಟ್ಟೆ ಪೆಟ್ಟಿಗೆಯೊಳಗಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು, ದುರಸ್ತಿಗೆ ಹತ್ತಿರದ ಸೇವಾಕೇಂದ್ರ ಯಾವ ಊರಿನಲ್ಲಿದೆ ಎಂಬುದನ್ನೂ ಕೇಳಬೇಕು. ಆದರೆ ಅಂತಹ ಯಂತ್ರವನ್ನು ಒಬ್ಬರೇ ಕೊಳ್ಳುವುದಕ್ಕಿಂತ ಕೂಡಿ ಕೊಳ್ಳುವುದು ಮೇಲು. ಕನ್ನಡ ವಿಭಾಗವೇ ಅದನ್ನು ಇಟ್ಟುಕೊಂಡು, ಒಂದು ದಾಖಲೆ ಪುಸ್ತಕದಲ್ಲಿ ಪ್ರತಿ ಮುದ್ರಣದ ವಿವರವನ್ನೂ ಬರೆದಿಟ್ಟು, ಮೂರು ಪ್ರತಿಗಳ ನಿಯಮವನ್ನು ಪಾಲಿಸುವುದು ಎಲ್ಲಕ್ಕಿಂತ ಮೇಲು: ಒಂದು ಪ್ರತಿ ಹಾಡಿದವರ ಮನೆಗೆ, ಒಂದು ಕಾಲೇಜಿನ ಗ್ರಂಥಾಲಯಕ್ಕೆ, ಒಂದು ಸಂಗ್ರಹಿಸಿದ ವಿದ್ಯಾರ್ಥಿಗೆ.

ಇದಕ್ಕೆ ಅನುದಾನ ಬರಲೆಂದು ಕಾಯಬೇಕಾಗಿಲ್ಲ. ಯಂತ್ರವಿಲ್ಲದ ವಿಭಾಗವೂ ಈ ವರ್ಷದ ಕ್ಷೇತ್ರಕಾರ್ಯದಿಂದಲೇ ಆರಂಭಿಸಬಹುದು: ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನು ಹಾಡು ಪಡೆದ ಮನೆಗೆ ಒಂದು ಫೋಟೋವನ್ನು, ಒಳ್ಳೆಯ ಕಾಗದದ ಮೇಲೆ, ಕನ್ನಡದಲ್ಲಿ ಹೆಸರು ಬರೆದು, ಅಂಗಡಿಯಲ್ಲಿಯಾದರೂ ಮುದ್ರಿಸಿ ಮುಟ್ಟಿಸುವುದು. ಹಾಗೆ ಇಪ್ಪತ್ತು ಮನೆಗಳಿಗೆ ಮುಟ್ಟಿಸಿದ ಮೇಲೆ ಎಂತಹ ಪ್ರಿಂಟರ್ ಬೇಕೆಂಬುದನ್ನು ಯಾರೂ ಹೇಳಿಕೊಡಬೇಕಾಗುವುದಿಲ್ಲ.